‘ಚಿಕ್ಕ ಬದಲಾವಣೆ’ಯ ಲೆಕ್ಕ: ಧಾರವಾಡದ ಒಂದು ಕಸೂತಿ ಘಟಕದ ಪ್ರಕರಣ

40 ಸೀರೆಯ ಆರ್ಡರ್. ಸೀರೆಗೆ 7,200 ರೂಪಾಯಿ, ಅವಧಿ ಮೂರು ತಿಂಗಳು, ಮುಂಗಡ ಶೇ 30. ನಮೂನೆಯ ಸೀರೆ ನೋಡಿ ಬೆಂಗಳೂರಿನ ಬುಟಿಕ್‌ನವರು ಒಪ್ಪಿಯೂ ಆಗಿತ್ತು. ಕೆಲಸ ಶುರುವಾಗುವ ಹೊತ್ತಿಗೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಫೋಟೊ ಬಂತು: ‘ಒಡಲಿನ ಬುಟ್ಟಾ ಇದನ್ನು ಹಾಕಿಸಿ ಮೇಡಂ, ಚಿಕ್ಕ ಬದಲಾವಣೆ ಅಷ್ಟೇ.’ ಬುಟ್ಟಾ ಅಂದರೆ ಸೀರೆಯ ಒಡಲಿನಲ್ಲಿ ಅಲ್ಲಲ್ಲಿ ಹಾಕುವ ಚಿಕ್ಕ ಚಿತ್ತಾರ. ಘಟಕದ ಮಾಲಕಿ ‘ಆಗಲಿ’ ಎಂದು ಉತ್ತರ ಕಳಿಸಿದರು. ಆ ಬದಲಾವಣೆಗೆ ಸೀರೆಯೊಂದಕ್ಕೆ 1,200 ರೂಪಾಯಿ ಹೆಚ್ಚಿನ ಮಜೂರಿ ಬೀಳುತ್ತದೆ ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ಒಂದು ಸೀರೆಯಲ್ಲಿ ಅವರಿಗೆ ಉಳಿಯಬೇಕಾಗಿದ್ದ ಲಾಭವೇ 1,000.

ನಾನು ಹುಬ್ಬಳ್ಳಿಯಲ್ಲಿದ್ದುಕೊಂಡು ಸಣ್ಣ ಉದ್ದಿಮೆಗಳ ಲೆಕ್ಕಪತ್ರ ನೋಡಿಕೊಡುತ್ತೇನೆ. ಈ ಪ್ರಕರಣ ಬರೆಯಲು ಮಾಲಕಿ ಒಪ್ಪಿದ್ದಾರೆ, ಅಂಕಿಗಳೂ ಅವರ ವಹಿಯವೇ. ಹೆಸರು ಬೇಡ ಅಂದಿದ್ದಾರೆ. ಕೈಕೆಲಸದ ಉದ್ದಿಮೆ ನಡೆಸುವ ಬಹಳ ಜನ ಸೀರೆ ಎಣಿಸುತ್ತಾರೆ, ದಾರದ ಲಡಿ ಎಣಿಸುತ್ತಾರೆ, ಗಿರಾಕಿಯ ಫೋನ್ ಕೂಡ ಎಣಿಸುತ್ತಾರೆ. ಸೂಜಿ ಹಿಡಿದ ತಾಸುಗಳನ್ನು ಮಾತ್ರ ಎಣಿಸುವುದಿಲ್ಲ. ಎಲ್ಲ ನಷ್ಟವೂ ಹೋಗಿ ಕೂಡುವುದು ಅಲ್ಲೇ, ಅದನ್ನು ತಾಳಿಕೊಳ್ಳುವವಳು ಹೊಲಿಯುವ ಹೆಣ್ಣುಮಗಳು.

ಘಟಕ

ಘಟಕ ಅಂದರೆ ಧಾರವಾಡದ ಹಳೆಯ ಓಣಿಯೊಂದರ ಮನೆಯ ಪಡಸಾಲೆ, ಎರಡು ಕಪಾಟು, ಇಸ್ತ್ರಿ ಮಾಡುವ ಉದ್ದನೆಯ ಮೇಜು. ಹೊಲಿಯುವವರು 22 ಮಂದಿ. ಮಾಳಮಡ್ಡಿ, ಮದಿಹಾಳ, ಕೆಲಗೇರಿಗಳಲ್ಲಿ ಇದ್ದಾರೆ, ಕೆಲವರು ಅಮ್ಮಿನಬಾವಿಯಿಂದ ಬಸ್ಸಿಗೆ ಬಂದು ಸೀರೆ ಒಯ್ಯುತ್ತಾರೆ. ಎಲ್ಲರೂ ತಮ್ಮ ತಮ್ಮ ಮನೆಯಲ್ಲೇ ಕೂತು ಹೊಲಿಯುತ್ತಾರೆ. ಕೈಮಗ್ಗದ ಸೀರೆ ಇಳಕಲ್ಲು ಮತ್ತು ಗಜೇಂದ್ರಗಡದಿಂದ ಬರುತ್ತದೆ, ದಾರ ಸುಭಾಸ ರಸ್ತೆಯ ಅಂಗಡಿಯಿಂದ. ಹುಬ್ಬಳ್ಳಿಯ ಎರಡು ಅಂಗಡಿಗೆ ವರ್ಷವಿಡೀ ಮಾಲು ಹೋಗುತ್ತದೆ. ಉಳಿದದ್ದು ಮನೆಗೆ ಬರುವ ಗಿರಾಕಿಗಳಿಗೆ. ಒಮ್ಮೆಗೆ 40 ಸೀರೆ ಕೇಳಿದವರು ಹಿಂದೆ ಯಾರೂ ಇರಲಿಲ್ಲ, ಹಾಗಾಗಿ ಮಾಲಕಿಗೆ ಹುಮ್ಮಸ್ಸು ಬಂದದ್ದು ಸಹಜ.

7,200ರ ದರವನ್ನೂ ಅವರು ಕಣ್ಣಂದಾಜಿನಲ್ಲಿ ಹೇಳಿರಲಿಲ್ಲ. ಸೀರೆಗೆ 2,600, ದಾರ ಮತ್ತು ಸಣ್ಣಪುಟ್ಟ ಸಾಮಾನಿಗೆ 300, ಹೊಲಿಯುವ ಮಜೂರಿ 2,500, ತೊಳೆದು ಇಸ್ತ್ರಿ ಮಾಡಿ ಕಟ್ಟುವುದಕ್ಕೆ 150, ಬಾಡಿಗೆ, ಓಡಾಟ, ಮೇಲ್ವಿಚಾರಣೆ ಸೇರಿ 650, ಲಾಭ 1,000. ಇಷ್ಟು ಚೊಕ್ಕ ಲೆಕ್ಕ ಬರೆದಿಟ್ಟವರು ಈ ಕಸುಬಿನಲ್ಲಿ ಕಡಿಮೆ. ಆದರೆ ಈ ಪಟ್ಟಿಯಲ್ಲಿ ‘ಮಜೂರಿ 2,500’ ಎಂಬುದು ಯಾವ ಕೆಲಸಕ್ಕೆ, ಎಷ್ಟು ತಾಸಿಗೆ ಎಂದು ಬರೆದಿರಲಿಲ್ಲ. ಅದು ‘ಒಂದು ಸೀರೆಗೆ’ ಎಂದಿತ್ತು.

ನೇಗಿ ಹೋಗಿ ಗವಂತಿ ಬಂದಾಗ

ಕಸೂತಿಯ ಹೊಲಿಗೆ ನಾಲ್ಕು: ಗವಂತಿ, ಮುರ್ಗಿ, ನೇಗಿ, ಮೆಂತೆ. ಯಾವುದಕ್ಕೂ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ, ಬಟ್ಟೆಯ ಎಳೆ ಎಣಿಸುತ್ತಲೇ ಗೋಪುರ, ತೇರು, ಆನೆ, ತುಳಸಿಕಟ್ಟೆ ಎಬ್ಬಿಸುತ್ತಾರೆ. ಎಳೆ ಎಣಿಸಲು ಬಾರದಷ್ಟು ನಯವಾದ ರೇಷ್ಮೆಯಾದರೆ ಮೇಲೆ ಜಾಳಾದ ಮ್ಯಾಟಿ ಬಟ್ಟೆ ಹಚ್ಚಿ ಹೊಲಿದು, ಆಮೇಲೆ ಅದರ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಾರೆ.

ಒಪ್ಪಿಗೆಯಾದ ನಮೂನೆಯಲ್ಲಿ ಸೆರಗು ಮತ್ತು ದಡಿಗೆ ಗವಂತಿ ಇತ್ತು, ಒಡಲಿನ ತುಂಬ 120 ನೇಗಿ ಬುಟ್ಟಾ. ನೇಗಿ ನೆಯ್ಗೆಯಂತೆ ಕಾಣುವ ಹೊಲಿಗೆ. ಉದ್ದ ಗಿಡ್ಡ ಎಳೆಗಳನ್ನು ಸಾಲುಸಾಲಾಗಿ ಹಾಯಿಸಿಕೊಂಡು ಹೋಗುವುದು, ಕೈ ಕುದುರಿದವರಿಗೆ ಬೇಗ ಸಾಗುತ್ತದೆ. ಅದರ ಉಲ್ಟಾ ಮಗ್ಗುಲು ಸುಲ್ಟಾದಂತೆ ಇರುವುದಿಲ್ಲ, ಹಿಂದೆ ಉದ್ದುದ್ದ ಎಳೆ ಉಳಿಯುತ್ತವೆ. ಬುಟಿಕ್‌ನವರ ತಕರಾರು ಅಲ್ಲೇ ಇತ್ತು. ಆ ಎಳೆಗಳು ಕಾಲುಂಗುರಕ್ಕೂ ಗೆಜ್ಜೆಗೂ ಸಿಗುತ್ತವೆ ಎಂದು ಅವರ ಗಿರಾಕಿಗಳು ಹಿಂದೆ ದೂರಿದ್ದರಂತೆ. ಒಡಲಿಗೂ ಗವಂತಿಯ ಗೋಪುರ ಬುಟ್ಟಾ ಹಾಕಿದರೆ ಎರಡೂ ಮಗ್ಗುಲು ಒಂದೇ ಸಮ ಇರುತ್ತದೆ, ಎಳೆ ಸಿಗುವ ಮಾತಿಲ್ಲ. ಕೇಳಿದ್ದು ನ್ಯಾಯವಾದ ಮಾತೇ. ಅದನ್ನು ‘ಚಿಕ್ಕದು’ ಎಂದು ಕರೆದದ್ದು ಮಾತ್ರ ಸರಿಯಲ್ಲ.

ಗವಂತಿ ಹೇಗೆ ಹೊಲಿಯುತ್ತಾರೆಂದು ಒಮ್ಮೆ ಪಕ್ಕದಲ್ಲಿ ಕೂತು ನೋಡಬೇಕು. ಸೂಜಿ ಒಂದು ಹೊಲಿಗೆ ಹಾಕಿ, ಅಷ್ಟೇ ಜಾಗ ಖಾಲಿ ಬಿಟ್ಟು, ಮತ್ತೊಂದು ಹಾಕಿ ಮುಂದೆ ಸಾಗುತ್ತದೆ. ಗೋಪುರದ ಪ್ರತಿ ಅಂತಸ್ತಿನಲ್ಲೂ ಎಡಕ್ಕೊಂದು ಬಲಕ್ಕೊಂದು ಕವಲು. ಪ್ರತಿ ಕವಲಿನ ತುದಿಗೂ ಹೋಗಿ ತಿರುಗಿ ಬರಬೇಕು. ಶಿಖರ ಮುಟ್ಟಿದ ಮೇಲೆ ಹೋದ ದಾರಿಯಲ್ಲೇ ಇಳಿಯುತ್ತ, ಖಾಲಿ ಬಿಟ್ಟ ಜಾಗಗಳನ್ನೆಲ್ಲ ತುಂಬುತ್ತ, ಹೊರಟ ತೂತಿಗೇ ಬಂದು ನಿಲ್ಲಬೇಕು. ಗಂಟು ಹಾಕುವಂತಿಲ್ಲ, ದಾರದ ತುದಿಯನ್ನು ಹೊಲಿಗೆಯೊಳಗೇ ಹುದುಗಿಸಬೇಕು. ನಡುವೆ ಒಂದು ಕವಲು ತಪ್ಪಿತೋ, ಬಿಚ್ಚದೆ ಗತಿಯಿಲ್ಲ. ಹೊಲಿಯುವವಳು ಕೈ ಆಡಿಸುವ ಮೊದಲೇ ಇಡೀ ದಾರಿಯನ್ನು ತಲೆಯಲ್ಲಿ ನಡೆದು ಮುಗಿಸಿರುತ್ತಾಳೆ. ಹೀಗಾಗಿ ಗವಂತಿ ಹಾಕುವಾಗ ಪಕ್ಕದವರು ಮಾತಾಡಿಸಿದರೆ ಹೆಂಗಸರು ಉತ್ತರ ಕೊಡುವುದಿಲ್ಲ.

ಈ ಬುದ್ಧಿಯ ಕೆಲಸಕ್ಕೆ ನಾವು ಕೊಡುವ ಮಜೂರಿಯಲ್ಲಿ ಬುದ್ಧಿಗೆ ಎಷ್ಟು, ಬೆರಳಿಗೆ ಎಷ್ಟು ಎಂದು ಯಾರೂ ಕೇಳಿಕೊಂಡಿಲ್ಲ. ಕೇಳಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ.

ಉಲ್ಟಾ ಮಗ್ಗುಲಿನಲ್ಲಿ ಸಿಕ್ಕ ಸುಳಿವು

ತೊಂದರೆ ಮೊದಲು ಕಂಡದ್ದು ವಹಿಯಲ್ಲಿ ಅಲ್ಲ. ಮುಗಿದು ಬಂದ ಆರನೆಯ ಸೀರೆಯನ್ನು ಮಾಲಕಿ ಕಿಟಕಿಯ ಬೆಳಕಿಗೆ ಹಿಡಿದು ಮಗುಚಿ ನೋಡಿದರು. ಸೆರಗು ಚೊಕ್ಕ. ಒಡಲಿನ ಬುಟ್ಟಾಗಳ ಬುಡದಲ್ಲಿ ಮಾತ್ರ ಸಾಸಿವೆಗಿಂತ ಸಣ್ಣ ಗಂಟುಗಳು. ಹೊಲಿದವರು ಈ ಕಸುಬಿನಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವರು, ಹೊಸಬರಿಗೆ ಕಲಿಸಿದವರು. ಅವರು ಗಂಟು ಹಾಕಿದ್ದಾರೆಂದರೆ ಕಾರಣ ಬೇರೆಯೇ ಇರಬೇಕು.

ಕೇಳಿದಾಗ ಅವರು ಮುಚ್ಚಿಡಲಿಲ್ಲ. ‘ಅಕ್ಕಾರ, ಒಂದೊಂದ ಬುಟ್ಟಾಕ್ಕ ಅರ್ಧಾ ತಾಸಿನ ಹತ್ತರ ಹೊಂಟೈತ್ರಿ. ಮೊದಲಿನ ರೊಕ್ಕದಾಗ ಇದು ಮುಗಿಯೂದಿಲ್ರಿ. ಹೇಳೂದು ಹೆಂಗ ಅಂತ ಸುಮ್ಮನಿದ್ದೆ.’ ಅದೇ ವಾರ ಇಬ್ಬರು ಸೀರೆ ತಿರುಗಿ ತಂದುಕೊಟ್ಟು, ಮನೆಯಲ್ಲಿ ಕೆಲಸ ಐತಿ ಎಂದು ಹೇಳಿ ಹೋಗಿದ್ದರು. ಕಾರಣ ಎರಡಲ್ಲ, ಒಂದೇ.

ನಾನು ಹೋದದ್ದು ಆ ಹೊತ್ತಿಗೆ. ನಾಲ್ಕು ಮಂದಿಯನ್ನು ಪಡಸಾಲೆಯಲ್ಲಿ ಕೂರಿಸಿ, ಹಳೆಯ ಬುಟ್ಟಾ ಮತ್ತು ಹೊಸ ಬುಟ್ಟಾ ಎರಡನ್ನೂ ಹೊಲಿಸಿ ಹೊತ್ತು ನೋಡಿದೆವು. ಚುರುಕಿನವರು, ನಿಧಾನದವರು ಇಬ್ಬರೂ ಇರುವಂತೆ ನೋಡಿಕೊಂಡೆವು. ನೇಗಿ ಬುಟ್ಟಾಕ್ಕೆ ಸರಾಸರಿ 10 ನಿಮಿಷ, ಗವಂತಿ ಗೋಪುರಕ್ಕೆ 22. ಒಂದಕ್ಕೆ 12 ನಿಮಿಷ ಹೆಚ್ಚು. 120 ಬುಟ್ಟಾಕ್ಕೆ 1,440 ನಿಮಿಷ, ಅಂದರೆ 24 ತಾಸು.

ಮೊದಲ ನಮೂನೆಯಲ್ಲಿ ಸೆರಗು ಮತ್ತು ದಡಿಗೆ 30 ತಾಸು, ಒಡಲಿಗೆ 20, ಒಟ್ಟು 50. 2,500 ರೂಪಾಯಿ ಅಂದರೆ ತಾಸಿಗೆ 50 ರೂಪಾಯಿ. ಹೊಸ ಬುಟ್ಟಾದಿಂದ ಸೀರೆ 74 ತಾಸಿನದಾಯಿತು, ಮಜೂರಿ ಅದೇ. ತಾಸಿಗೆ 34 ರೂಪಾಯಿ ಸಹ ಬೀಳುವುದಿಲ್ಲ. ‘ಸೀರೆಗೆ ಇಷ್ಟು’ ಎಂಬ ದರ ಹೆಂಗಸರ ಕೈಯಿಂದ ಸದ್ದಿಲ್ಲದೆ ಮೂರನೇ ಒಂದು ಪಾಲು ತೆಗೆದುಕೊಂಡಿತ್ತು. ಯಾರೂ ಮೋಸ ಮಾಡಿರಲಿಲ್ಲ, ಯಾರೂ ಮಜೂರಿ ಇಳಿಸಿರಲಿಲ್ಲ, ಆದರೂ ಇಳಿದಿತ್ತು.

ಇನ್ನು ಅವಧಿಯ ಮಾತು. 22 ಮಂದಿ, ದಿನಕ್ಕೆ ಸರಾಸರಿ ಮೂರೂವರೆ ತಾಸು, ತಿಂಗಳಿಗೆ 25 ದಿನ ಹಿಡಿದರೆ 1,925 ತಾಸು. ಅದರಲ್ಲಿ ಅರ್ಧ ಹುಬ್ಬಳ್ಳಿಯ ಅಂಗಡಿಗಳ ಕಾಯಂ ಕೆಲಸಕ್ಕೆ ಹೋಗುತ್ತದೆ. ಈ ಆರ್ಡರಿಗೆ ತಿಂಗಳಿಗೆ ಸಿಗುವುದು ಸುಮಾರು 960 ತಾಸು. ಮೊದಲಿನ ನಮೂನೆಯ 40 ಸೀರೆಗೆ 2,000 ತಾಸು ಬೇಕಿತ್ತು, ಎರಡು ತಿಂಗಳು ಮೀರಿ ಸ್ವಲ್ಪ. ಹೊಸದಕ್ಕೆ 2,960, ಅಂದರೆ ಮೂರು ತಿಂಗಳೂ ಸಾಲದು. ಆ ಮೂರು ತಿಂಗಳೆಂದರೆ ಜೂನ್ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ. ಶ್ರಾವಣ ಪೂರ್ತಿ ಅದರೊಳಗೇ ಬರುತ್ತದೆ. ನಾಗರಪಂಚಮಿಗೆ ಉಂಡಿ ಕಟ್ಟಬೇಕು, ತವರಿಗೆ ಹೋಗಬೇಕು, ಅದರ ಬೆನ್ನಿಗೆ ವರಮಹಾಲಕ್ಷ್ಮಿ, ಆಮೇಲೆ ಗಣೇಶ ಚೌತಿ. ಪಂಚಮಿಯ ವಾರ ನಮ್ಮ ಕಡೆ ಹೆಂಗಸರು ಸೂಜಿ ಹಿಡಿಯುತ್ತಾರೆಂದು ಲೆಕ್ಕ ಹಾಕುವವನು ಈ ಸೀಮೆಯವನೇ ಅಲ್ಲ. ಮೇಲೆ ಮಳೆಗಾಲದ ಮೋಡ. ಎಳೆ ಎಣಿಸುವ ಕೆಲಸಕ್ಕೆ ಬೇಕಾದದ್ದು ಹಗಲ ಬೆಳಕು, ಧಾರವಾಡದ ಜುಲೈಯಲ್ಲಿ ಅದು ಸಿಗುವುದೇ ಅಪರೂಪ.

ಮುಂದಿದ್ದ ದಾರಿಗಳು

ನಷ್ಟ ನುಂಗಿಕೊಂಡು ಆರ್ಡರ್ ಮುಗಿಸಿಬಿಡೋಣ, ಗಿರಾಕಿ ಉಳಿದರೆ ಮುಂದೆ ನೋಡಿಕೊಳ್ಳೋಣ ಎಂಬುದು ಮಾಲಕಿಯ ಮೊದಲ ವಿಚಾರ. ಸೀರೆಗೆ 200 ರೂಪಾಯಿ ಕೈಯಿಂದ ಹಾಕಿ 40 ಸೀರೆ ಕೊಡುವುದು, ಸ್ವಂತ ದುಡಿಮೆಗೆ ಏನೂ ಇಲ್ಲ. ಇದಕ್ಕೆ ನಾನು ಬಲವಾಗಿ ಬೇಡ ಅಂದೆ. ದುಡ್ಡಿಗಿಂತ ದೊಡ್ಡ ಕಾರಣ, ಹೀಗೆ ಕೊಟ್ಟ ದರವೇ ಮುಂದಿನ ವರ್ಷದ ದರವಾಗಿ ನಿಲ್ಲುತ್ತದೆ. ಗಿರಾಕಿಗೆ ಕಸೂತಿಯ ನಿಜವಾದ ಬೆಲೆ ಗೊತ್ತಾಗುವುದೇ ಇಲ್ಲ.

ಇನ್ನೊಂದು ದಾರಿ ಯಂತ್ರ. ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಎಂಬ್ರಾಯಿಡರಿಯವರು ಬುಟ್ಟಾಕ್ಕೆ 6 ರೂಪಾಯಿ ಹೇಳಿದರು. 120ಕ್ಕೆ 720. ಒಡಲು ಯಂತ್ರದಲ್ಲಿ, ಸೆರಗು ಕೈಯಲ್ಲಿ. ಲೆಕ್ಕದ ಕಣ್ಣಿಗೆ ಇದು ಚೆಂದ ಕಾಣುತ್ತದೆ, ಈಗ ಮಾರುಕಟ್ಟೆಯಲ್ಲಿ ಕಸೂತಿ ಎಂದು ಮಾರುವ ಬಹಳಷ್ಟು ಮಾಲು ಯಂತ್ರದ್ದೇ. ಮಾಲಕಿ ಒಂದು ತುಂಡು ಬಟ್ಟೆಯ ಮೇಲೆ ಮಾಡಿಸಿ ತಂದರು. ಮೇಲಿನಿಂದ ನೋಡಿದರೆ ಗೋಪುರ ಗೋಪುರವೇ. ಮಗುಚಿದರೆ ಕೆಳಗಿನ ಬಾಬಿನ್ನಿನ ಬಿಳಿ ದಾರ, ಅದಕ್ಕೆ ಅಂಟಿಕೊಂಡ ಕಾಗದದ ಚೂರು. ಯಂತ್ರದಲ್ಲಿ ಮೇಲಿನ ದಾರ ಬೇರೆ, ಕೆಳಗಿನದು ಬೇರೆ, ಎರಡೂ ಸಿಕ್ಕಿಕೊಂಡು ಹೊಲಿಗೆಯಾಗುವುದು. ಒಂದೇ ದಾರ ಹೋಗಿ ಬಂದು ಎರಡೂ ಮಗ್ಗುಲನ್ನು ಒಂದೇ ಮಾಡುವ ಗವಂತಿಯನ್ನು ಅದು ಮಾಡಲಾರದು. ಕೊಳ್ಳುವವರಿಗೆ ನನ್ನದೊಂದು ಮಾತು: ಅಂಗಡಿಯಲ್ಲಿ ಸೀರೆ ಮಗುಚಿ ನೋಡಿ, ಯಾರೂ ಬೇಡ ಅನ್ನುವುದಿಲ್ಲ.

ಯಂತ್ರ ಬಿಟ್ಟದ್ದಕ್ಕೆ ಮತ್ತೊಂದು ಕಾರಣವಿತ್ತು. ಸೀರೆಯ ಚೀಟಿಯ ಮೇಲೆ ಭೌಗೋಳಿಕ ಸೂಚಿಕೆಯ (ಜಿಐ) ಗುರುತು, ಅಂದರೆ ಮಾಲು ಇಂಥ ಸೀಮೆಯದೇ ಎಂದು ಹೇಳುವ ಗುರುತು ಹಾಕಿಕೊಡಿ ಎಂದು ಬುಟಿಕ್‌ನವರು ಕೇಳಿದ್ದರು. ಕಸೂತಿಗೆ ಆ ಮಾನ್ಯತೆ ಸಿಕ್ಕಿದ್ದು 2006ರಲ್ಲಿ, ಅದರ ಹಕ್ಕು ಕರ್ನಾಟಕ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮದ ಹೆಸರಿನಲ್ಲಿದೆ. ಧಾರವಾಡದಲ್ಲಿ ಕಸೂತಿ ಮಾಡುತ್ತೇವೆ ಎಂದಮಾತ್ರಕ್ಕೆ ಯಾರು ಬೇಕಾದರೂ ಆ ಗುರುತು ಅಚ್ಚು ಹಾಕಿಸುವಂತಿಲ್ಲ. ಚೆನ್ನೈಯ ನೋಂದಣಿ ಕಚೇರಿಗೆ ಅರ್ಜಿ ಹಾಕಿ ಅಧಿಕೃತ ಬಳಕೆದಾರರೆಂದು ಹೆಸರು ಬರೆಸಿಕೊಳ್ಳಬೇಕು. ಈ ಘಟಕ ಅದನ್ನಿನ್ನೂ ಮಾಡಿಸಿರಲಿಲ್ಲ. ಆದ್ದರಿಂದ ಈ ಸಲ ಚೀಟಿಯಲ್ಲಿ ಗುರುತು ಇಲ್ಲ, ‘ಧಾರವಾಡದಲ್ಲಿ ಕೈಯಿಂದ ಹೊಲಿದದ್ದು’ ಎಂಬ ನೇರ ಮಾತು ಮಾತ್ರ ಎಂದು ತೀರ್ಮಾನವಾಯಿತು. ಒಡಲು ಯಂತ್ರದ್ದಾದರೆ ಆ ಮಾತನ್ನೂ ಬರೆಯುವಂತಿರಲಿಲ್ಲ. ಅರ್ಜಿಯ ಕೆಲಸ ಈಗ ಶುರುವಾಗಿದೆ.

ಮೂರನೆಯ ದಾರಿ, ಗಿರಾಕಿಯ ಎದುರು ಕೂತು ಮಾತಾಡುವುದು. ಮಾಲಕಿಗೆ ಅಳುಕಿತ್ತು. ಒಪ್ಪಿಕೊಂಡ ಮೇಲೆ ಈಗ ರೇಟು ಹೆಚ್ಚು ಮಾಡಿ ಎಂದು ಕೇಳಿದರೆ ಮಾತು ತಪ್ಪಿದಂತಾಗುತ್ತದೆ ಎಂದು. ನನ್ನ ವಾದ ಇಷ್ಟೇ: ಒಪ್ಪಿದ ದರ ಒಪ್ಪಿದ ನಮೂನೆಗೆ. ನಮೂನೆ ಬದಲಾದ ದಿನವೇ ಆ ದರ ಮುಗಿಯಿತು.

ಗಿರಾಕಿಯ ಜೊತೆ ಮಾತು

ವಿಡಿಯೊ ಕರೆಯಲ್ಲಿ ಮಾತು ಬೇಡ, ಎರಡು ಬುಟ್ಟಾ ಪಕ್ಕಪಕ್ಕದಲ್ಲಿ ಹೊಲಿದ ಬಟ್ಟೆ ಕಳಿಸೋಣ ಎಂಬ ವಿಚಾರ ಮಾಲಕಿಯದೇ. ಅದು ಬಹಳ ಒಳ್ಳೆಯ ವಿಚಾರ. ಒಂದೇ ತುಂಡಿನ ಮೇಲೆ ನೇಗಿ, ಗವಂತಿ, ಕೆಳಗೆ ಪೆನ್ನಿನಲ್ಲಿ 10 ನಿಮಿಷ, 22 ನಿಮಿಷ. ಜೊತೆಗೆ ಒಂದು ಪುಟದ ಲೆಕ್ಕ. ಅದರಲ್ಲಿ ಗೋಳು ಇರಲಿಲ್ಲ, ‘ನಮ್ಮ ಹೆಂಗಸರು ಬಡವರು’ ಎಂಬ ಮಾತೂ ಇರಲಿಲ್ಲ. ಎರಡು ಆಯ್ಕೆ ಬರೆದಿದ್ದೆವು: 120 ಗವಂತಿ ಬುಟ್ಟಾ ಬೇಕಾದರೆ ದರ 8,400. ಇಲ್ಲವೇ ಬುಟ್ಟಾಗಳ ನಡುವಿನ ಅಂತರ ಹೆಚ್ಚಿಸಿ 72ಕ್ಕೆ ಇಳಿಸಿದರೆ ದರ 7,550.

72ರ ಲೆಕ್ಕ ಹೀಗೆ: 72 ಬುಟ್ಟಾಕ್ಕೆ 26.4 ತಾಸು, ಸೆರಗು ದಡಿ ಸೇರಿ ಸೀರೆಗೆ 56.4 ತಾಸು. ಮಜೂರಿ 320 ಹೆಚ್ಚಿ 2,820 ಆಗುತ್ತದೆ. 350 ಹೆಚ್ಚಿಗೆ ಕೇಳಿದರೆ ಲಾಭ 1,030ಕ್ಕೆ ನಿಲ್ಲುತ್ತದೆ. ಇನ್ನು ನೋಟ. ಗೋಪುರ ಬುಟ್ಟಾ ನೇಗಿಗಿಂತ ತುಸು ಎತ್ತರ, ಒತ್ತೊತ್ತಾಗಿ ಹಾಕಿದರೆ ಒಡಲು ಗಿಜಿಗುಡುತ್ತದೆ. ಅಂತರ ಬಿಟ್ಟು ಹಾಕಿದ ತುಂಡು ನೋಡಿದಾಗ ನಮಗೇ ಇದು ಚೆಂದ ಅನಿಸಿತ್ತು. ಬಿಡುವು ಬಿಟ್ಟಲ್ಲಿ ಇಳಕಲ್ಲು ಸೀರೆಗೆ ಹೆಸರಾದ ಟೋಪು ತೆನೆ ಸೆರಗೂ ಎದ್ದು ಕಾಣುತ್ತದೆ.

ಬುಟಿಕ್‌ನ ಒಡತಿ ಎರಡು ದಿನ ತಗೊಂಡು 72ನ್ನೇ ಆರಿಸಿದರು. ಹೊತ್ತಿನ ಲೆಕ್ಕ ಮೊದಲೇ ಹೇಳಿದ್ದರೆ ಆ ಫೋಟೊ ಕಳಿಸುವಾಗ ವಿಚಾರ ಮಾಡುತ್ತಿದ್ದೆ ಎಂದೂ ಅಂದರು. ಅವರ ಮಾತು ನಂಬುವಂಥದ್ದೇ. ಕೊಳ್ಳುವವರಿಗೆ ಹೊಲಿಗೆಯ ಹೊತ್ತು ತಿಳಿಯುವ ಬೇರೆ ದಾರಿ ಇಲ್ಲ, ಮಾಡುವವರೇ ಹೇಳಬೇಕು.

ಮಾಲು ಎರಡು ಕಂತಿನಲ್ಲಿ ಎಂದಾಯಿತು. ಸೆಪ್ಟೆಂಬರಿಗೆ 28, ಉಳಿದ 12 ದೀಪಾವಳಿ ಕಳೆದು ತುಳಸಿ ಲಗ್ನದೊಳಗೆ. ಈ ಹೊಂದಾಣಿಕೆಗೆ ಗಿರಾಕಿ ಬೇಗ ಒಪ್ಪಿದರು, ಮದುವೆಯ ಮಾಲು ಹೇಗೂ ಆ ಮೇಲೆಯೇ ಓಡುವುದು.

ರೊಕ್ಕ ಕೈಗೆ ಬರುವ ಹೊತ್ತು

ಲಾಭ ಇದ್ದೂ ಕೈಕೆಲಸದ ಉದ್ದಿಮೆ ಮುಳುಗುವುದು ಇಲ್ಲಿ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೊದಲ ಒಪ್ಪಂದದಲ್ಲಿ ಮುಂಗಡ 86,400. ಬರೀ 40 ಸೀರೆ ತರಲು ಬೇಕಾದದ್ದು 1,04,000. ಮುಂಗಡದಲ್ಲಿ ನೇಕಾರನಿಗೇ ಪೂರ್ತಿ ಕೊಡಲಾಗದಿದ್ದರೆ, ವಾರವಾರ ಮಜೂರಿ ಎಲ್ಲಿಂದ ಕೊಡುವುದು? ಬಾಕಿ ರೊಕ್ಕ ಮಾಲು ತಲುಪಿದ 90 ದಿನಕ್ಕೆ ಎಂದು ಬೇರೆ ಬರೆದಿತ್ತು.

ಹೊಸ ಒಪ್ಪಂದದಲ್ಲಿ ಕಂತಿನ ಅರ್ಧ ಮುಂಗಡ. 28 ಸೀರೆಗೆ 2,11,400, ಅದರ ಅರ್ಧ 1,05,700. ಮೊದಲೇ ಬಂದದ್ದು ಕಳೆದು 19,300 ಮೇಲೆ ಬಂತು. 28 ಸೀರೆ ಮತ್ತು ದಾರಕ್ಕೆ 81,200 ಹೋದರೆ 24,500 ಉಳಿಯುತ್ತದೆ, ಮೊದಲ ಕೆಲವು ವಾರದ ಮಜೂರಿಗೆ ಆಸರೆ. ಉಳಿದದ್ದನ್ನು ಹುಬ್ಬಳ್ಳಿಯ ಅಂಗಡಿಗಳ ವಸೂಲಿಯಿಂದ ಸರಿದೂಗಿಸಿದರು.

90 ದಿನದ ಷರತ್ತು ತೆಗೆಸಲು ಕಾನೂನೇ ನೆರವಿಗೆ ಬಂತು. ಸೂಕ್ಷ್ಮ, ಸಣ್ಣ ಉದ್ದಿಮೆಗಳ 2006ರ ಕಾಯ್ದೆಯ ಪ್ರಕಾರ, ಒಪ್ಪಂದ ಬರೆದುಕೊಂಡಿದ್ದರೂ ಮಾಲು ಸ್ವೀಕರಿಸಿದ 45 ದಿನದೊಳಗೆ ಹಣ ಕೊಡಬೇಕು, ಒಪ್ಪಂದವೇ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2024ರ ಏಪ್ರಿಲ್ 1ರಿಂದ ಆದಾಯ ತೆರಿಗೆಯಲ್ಲೂ ಇದಕ್ಕೆ ಬಿಗಿ ಬಂದಿದೆ. ಈ ಅವಧಿಯೊಳಗೆ ಕೊಡದ ಹಣವನ್ನು ಕೊಳ್ಳುವವರು ಆ ವರ್ಷದ ಖರ್ಚೆಂದು ತೋರಿಸಿಕೊಳ್ಳಲು ಬರುವುದಿಲ್ಲ, ಕೊಟ್ಟ ವರ್ಷದಲ್ಲೇ ತೋರಿಸಬೇಕು. ಇದರ ಲಾಭ ಪಡೆಯಲು ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಬೇಕು. ಅದಕ್ಕೆ ಶುಲ್ಕವಿಲ್ಲ, ಆಧಾರ್ ಮತ್ತು ಪಾನ್ ಇದ್ದರೆ ಆನ್‌ಲೈನಿನಲ್ಲೇ ಆಗುತ್ತದೆ. ಈ ಘಟಕಕ್ಕೆ ನೋಂದಣಿ ಇತ್ತು, ಅದರ ಸಂಖ್ಯೆ ಬಿಲ್ಲಿನ ಮೇಲೆ ಇರಲಿಲ್ಲ. ಈಗ ಪ್ರತಿ ಬಿಲ್ಲಿನ ತಲೆಯ ಮೇಲಿದೆ. ಬುಟಿಕ್‌ನ ಲೆಕ್ಕಿಗರಿಗೆ ಅಷ್ಟು ಸಾಕಾಯಿತು, ಜಗಳವಾಗಲಿಲ್ಲ.

ಸಾಲದ ಕಡೆಯಿಂದಲೂ ವಿಚಾರಿಸಿದೆವು. 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಶೇ 5ರ ಬಡ್ಡಿಗೆ ಎರಡು ಕಂತಿನಲ್ಲಿ 3 ಲಕ್ಷದವರೆಗೆ ಸಾಲವಿದೆ. ಆದರೆ ಅದರ 18 ಕಸುಬುಗಳ ಪಟ್ಟಿಯಲ್ಲಿ ದರ್ಜಿಯ ಹೆಸರಿದೆ, ಕಸೂತಿ ಹೊಲಿಯುವವಳದಿಲ್ಲ. ಮೀನಿನ ಬಲೆ ಹೆಣೆಯುವವರಿಗೂ ಹೂಮಾಲೆ ಕಟ್ಟುವವರಿಗೂ ಜಾಗ ಸಿಕ್ಕಿದ್ದು ಸಂತೋಷ, ಅವರ ಜೊತೆಗೆ ಇವರೂ ಇರಬೇಕಿತ್ತು.

ಹೆಂಗಸರು ಕೇಳಿದ್ದು

ಭಾನುವಾರ ಮಧ್ಯಾಹ್ನ ಎಲ್ಲರನ್ನೂ ಕರೆದು ಹೊಸ ದರ ಹೇಳಿದರು. ಇನ್ನು ಮುಂದೆ ಸೀರೆಗೆ ಇಷ್ಟು ಎಂದಿಲ್ಲ. ಬುಟ್ಟಾದ ಹೆಸರು, ಹೊಲಿಗೆ, ಸಂಖ್ಯೆ, ನಿಮಿಷ ಬರೆದ ಚೀಟಿ ಪ್ರತಿ ಸೀರೆಯ ಜೊತೆಗೆ ಹೋಗುತ್ತದೆ, ಅದಕ್ಕೆ ಒಂದು ನಮೂನೆಯ ತುಂಡು ಹೊಲಿದಿರುತ್ತದೆ. ಮುಗಿದ ಆರು ಸೀರೆಯ ವ್ಯತ್ಯಾಸ ಸೀರೆಗೆ 1,200ರಂತೆ 7,200 ರೂಪಾಯಿಯನ್ನು ಮಾಲಕಿ ಅಲ್ಲೇ ಹಂಚಿದರು. ಗಂಟು ಹಾಕಿದವರಿಗೂ ಕೊಟ್ಟರು. ಅವರು ಬೇಡ ಅಂದರು, ಮಾಲಕಿ ಕೈ ಹಿಡಿದು ಕೊಟ್ಟರು. ಆ 74 ತಾಸು ಅವರು ಕೂತದ್ದು ನಿಜ.

ಇಲ್ಲಿಗೆ ಮುಗಿಯಿತು ಎಂದುಕೊಂಡಾಗ ಅಮ್ಮಿನಬಾವಿಯವರೊಬ್ಬರು ಎದ್ದರು. ‘ಎಲ್ಲಾ ಖರೇರಿ. ಕರಿ ಸೀರಿಗೆ ಬ್ಯಾರೆ ದರಾ ಬೇಕ್ರಿ. ಕರಿ ಮ್ಯಾಲ ಎಳಿ ಕಾಣೂದುಲ್ರಿ, ಸಂಜೀ ಆದ ಮ್ಯಾಲ ಸೂಜಿ ಹಿಡಿಯೂದ ಆಗೂದುಲ್ರಿ.’ ಉಳಿದವರೆಲ್ಲ ಹೌದೌದು ಅಂದರು.

ನಾವು ನಿಮಿಷ ಅಳೆದದ್ದು ಹಸಿರು ಬಟ್ಟೆಯ ಮೇಲೆ. ಕಸೂತಿಗೆ ಹಿಂದಿನಿಂದಲೂ ಹೆಸರಾದದ್ದೇ ಕರಿ ಚಂದ್ರಕಾಳಿ ಸೀರೆ, ಮದುವೆಯ ಹೆಣ್ಣಿಗೆ ಕೊಡುತ್ತಿದ್ದದ್ದು. ಕರಿಯ ಮೇಲೆ ಬಣ್ಣ ಎದ್ದು ಕಾಣುತ್ತದೆ ಎಂದು ಕೊಳ್ಳುವವರು ಅದನ್ನೇ ಕೇಳುತ್ತಾರೆ. ಹೊಲಿಯುವವಳ ಕಣ್ಣಿಗೆ ಅದರ ಒಂದೊಂದು ಎಳೆಯೂ ಶ್ರಮ. ಕರಿ ಸೀರೆಗೆ ಮಜೂರಿಯ ಮೇಲೆ ಶೇ 15 ಹೆಚ್ಚಿಗೆ ಎಂದು ಅಲ್ಲೇ ತೀರ್ಮಾನವಾಯಿತು. ಮೊದಲ ಕಂತಿನ 8 ಕರಿ ಸೀರೆಗೆ ಸುಮಾರು 3,400 ರೂಪಾಯಿ. ಗಿರಾಕಿಯ ದರ ನಿಗದಿಯಾಗಿ ಹೋಗಿತ್ತು, ಆದ್ದರಿಂದ ಅದು ಮಾಲಕಿಯ ಪಾಲಿನಿಂದಲೇ ಹೋಯಿತು. ಮುಂದಿನ ದರಪಟ್ಟಿಯಲ್ಲಿ ಕರಿ ಸೀರೆಗೆ ಬೇರೆ ಸಾಲು ಬಂದಿದೆ.

ತಾಸಿಗೆ 50 ರೂಪಾಯಿಯೇ ಕಡಿಮೆ ಎಂಬುದನ್ನೂ ಹೇಳಬೇಕು. ಎಂಟು ತಾಸು ಕೂತರೆ 400. ಇದಕ್ಕೆ ಬುಟಿಕ್‌ಗಳ ಸಗಟು ಆರ್ಡರಿನಲ್ಲಿ ಉತ್ತರ ಸಿಗುವುದಿಲ್ಲ, ನೇರ ಮಾರಾಟದಲ್ಲಿ ಸ್ವಲ್ಪ ಸಿಗುತ್ತದೆ. ಮೊದಲು ಮುಗಿದಿದ್ದ ಆರು ಸೀರೆಯನ್ನು ಆರ್ಡರಿನಿಂದ ಹೊರಗೆ ತೆಗೆದು, ಅಷ್ಟೇ ಸಾದಾ ಸೀರೆ ಮತ್ತೆ ತರಿಸಿದರು. ಒಡಲ ತುಂಬ 120 ಗವಂತಿ ಗೋಪುರ ಇದ್ದ ಐದು ಸೀರೆ ದಸರೆಯ ಮುಂಚೆ ಮನೆಯಿಂದಲೇ ತಲಾ 9,800ಕ್ಕೆ ಹೋದವು. ಪೂರ್ತಿ ಮಜೂರಿ ಹಿಡಿದು ಅವುಗಳ ಅಸಲು 7,400. ಗಂಟಿನ ಸೀರೆಯನ್ನು ಉಲ್ಟಾ ಮಗ್ಗುಲು ತೋರಿಸಿ, ಇದ್ದದ್ದು ಇದ್ದಂತೆ ಹೇಳಿ ಅಸಲಿಗೇ ಕೊಟ್ಟರು. ಐದು ಸೀರೆಯಿಂದ ಉಳಿದದ್ದು 12,000. ಬೆಂಗಳೂರಿಗೆ ಹೋಗುವ 12 ಸೀರೆಯ ಲಾಭಕ್ಕೆ ಇದು ಹತ್ತಿರ ಹತ್ತಿರ ಸಮ. ಹಾಗೆಂದು ಸಗಟು ಕೆಲಸ ಬಿಟ್ಟುಬಿಡಿ ಎಂದು ನಾನು ಹೇಳಲಾರೆ. 22 ಮನೆಗೆ ವರ್ಷವಿಡೀ ಕೆಲಸ ಒದಗಿಸುವುದು ಅದೇ. ಎರಡರ ಪ್ರಮಾಣ ಎಷ್ಟಿರಬೇಕು ಎಂಬುದರ ಬಗ್ಗೆ ಮಾಲಕಿಗೂ ನನಗೂ ಇನ್ನೂ ಒಮ್ಮತವಿಲ್ಲ.

ಈಗ

28 ಸೀರೆ ಹೊತ್ತಿಗೆ ಹೋದವು. ಎರಡರ ದಡಿಯಲ್ಲಿ ಬಣ್ಣ ಹೊಂದಿಲ್ಲವೆಂದು ತಕರಾರು ಬಂತು, ದಾರ ಬದಲಿಸಿ ಕೊಟ್ಟರು. ಬಾಕಿ ಹಣ 45 ದಿನದೊಳಗೆ ಬಂತು. ಎರಡನೆಯ ಕಂತೂ ತಲುಪಿದೆ. ಕೆಲಸ ಬಿಟ್ಟ ಇಬ್ಬರಲ್ಲಿ ಒಬ್ಬರು ಮರಳಿದ್ದಾರೆ. ಇನ್ನೊಬ್ಬರು ಗಾರ್ಮೆಂಟ್ ಕೆಲಸಕ್ಕೆ ಸೇರಿದ್ದಾರೆ, ಅಲ್ಲಿ ತಿಂಗಳಿಗೆ ಇಂತಿಷ್ಟು ಎಂದು ಖಾತ್ರಿಯ ಪಗಾರವಿದೆ, ಅವರನ್ನು ತಿರುಗಿ ಕರೆಯಲು ಮಾಲಕಿಗೆ ಬಾಯಿ ಬಂದಿಲ್ಲ.

ಅದೇ ಬುಟಿಕ್‌ನವರು ಮುಂದಿನ ಹಂಗಾಮಿಗೆ 60 ಸೀರೆ ಕೇಳಿದ್ದಾರೆ. ಮಾಲಕಿ 35 ಆಗುತ್ತದೆ ಎಂದು ಬರೆದು, ಜೊತೆಗೆ ಬುಟ್ಟಾವಾರು ದರಪಟ್ಟಿ ಕಳಿಸಿದ್ದಾರೆ. ಪಟ್ಟಿಯ ಕೊನೆಯಲ್ಲಿ ಒಂದು ಸಾಲು: ನಮೂನೆ ಒಪ್ಪಿಗೆಯಾದ ಮೇಲೆ ಯಾವ ಬದಲಾವಣೆ ಆದರೂ ಹೊಸ ತುಂಡು, ಹೊಸ ದರ, ಹೊಸ ತಾರೀಖು. ಉತ್ತರ ಇನ್ನೂ ಬರಬೇಕಿದೆ.